ಲಾರಿ ಸಂಸ್ಥೆಯ ಸುರಕ್ಷತಾ ತಪಾಸಣೆ: ಕಡತಗಳ ಹಿಂದಿನ ಭೌತವಿಜ್ಞಾನ

ಸರಕು ತುಂಬಿದ ಲಾರಿಯೊಂದು ಹೆದ್ದಾರಿಯಲ್ಲಿ ಸಾಗುತ್ತಿದೆ. ಎದುರಿಗೆ ಅಡಚಣೆ ಕಂಡರೆ ಅದು ಎಷ್ಟು ದೂರ ಚಲಿಸಿ ನಿಂತೀತು? ಇದರ ಉತ್ತರ ರಸ್ತೆಯ ಮೇಲೆ ಮಾತ್ರವಲ್ಲ, ಲಾರಿ ಸಂಸ್ಥೆಯ ಕಚೇರಿಯಲ್ಲಿರುವ ಕಡತಗಳಲ್ಲೂ ಅಡಗಿದೆ. ಅಮೆರಿಕದಲ್ಲಿ ಈ ಕಡತಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಫೆಡರಲ್ ಮೋಟಾರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಷನ್. ಇದು 2000ದ ಜನವರಿಯಲ್ಲಿ ಆರಂಭವಾಯಿತು. ಪೂರ್ಣ ಪರಿಶೀಲನೆಯ ನಂತರ ಇದು ತೃಪ್ತಿಕರ, ಷರತ್ತುಬದ್ಧ ಅಥವಾ ಅತೃಪ್ತಿಕರ ಎಂಬ ದರ್ಜೆ ನೀಡುತ್ತದೆ. ಸಾಮಾನ್ಯ ಸರಕು ಸಾಗಿಸುವ ಸಂಸ್ಥೆಗೆ ‘ಅತೃಪ್ತಿಕರ’ ದರ್ಜೆ ದೊರೆತು, 60 ದಿನಗಳಲ್ಲಿ ಸುಧಾರಣೆ ಕಾಣದಿದ್ದರೆ, ಅದರ ಲಾರಿಗಳು ರಸ್ತೆಗಿಳಿಯುವಂತಿಲ್ಲ.

ಹಾಗಾದರೆ ಸಂಸ್ಥೆ ಯಾವುದಕ್ಕೆ ಸಿದ್ಧವಾಗಬೇಕು? ಮೊದಲು ಒಂದು ಸರಳ ಲೆಕ್ಕ ಮಾಡೋಣ.

ನಿಲುಗಡೆಯ ದೂರ

ಲಾರಿಯ ವೇಗ ಗಂಟೆಗೆ 90 ಕಿ.ಮೀ., ಅಂದರೆ ಸೆಕೆಂಡಿಗೆ 25 ಮೀ. ಇರಲಿ. ಚಾಲಕ ಬ್ರೇಕ್ ಒತ್ತಲು 1 ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ ಲಾರಿ 25 ಮೀ. ಸಾಗಿರುತ್ತದೆ. ಬ್ರೇಕ್‌ಗಳು ಸೆಕೆಂಡಿನ ವರ್ಗಕ್ಕೆ 4 ಮೀ. ಋಣ ವೇಗೋತ್ಕರ್ಷ ಉಂಟುಮಾಡಿದರೆ, ವೇಗದ ವರ್ಗವನ್ನು 8ರಿಂದ ಭಾಗಿಸಿದಾಗ ಸುಮಾರು 78 ಮೀ. ದೊರೆಯುತ್ತದೆ. ಒಟ್ಟು ದೂರ 103 ಮೀ.

ಚಾಲಕ ದಣಿದಿದ್ದು 2 ಸೆಕೆಂಡು ತಡಮಾಡಿದರೆ ಒಟ್ಟು ದೂರ 128 ಮೀ. ಚಾಲಕ ಎಚ್ಚರವಾಗಿದ್ದರೂ ಬ್ರೇಕ್‌ನ ಸಾಮರ್ಥ್ಯ ಕಾಲು ಭಾಗ ಕುಗ್ಗಿದ್ದರೆ 129 ಮೀ. ಒಂದು ಸೆಕೆಂಡಿನ ದಣಿವು ಮತ್ತು ಕಾಲು ಭಾಗ ಸವೆದ ಬ್ರೇಕ್ ಇಲ್ಲಿ ಹೆಚ್ಚುಕಡಿಮೆ ಸಮಾನ ಅಪಾಯಕಾರಿ. ಎರಡೂ ಸೇರಿದರೆ 154 ಮೀ., ಅಂದರೆ ಒಂದೂವರೆ ಪಟ್ಟು. ಚಾಲಕರ ಕಡತ, ವಾಹನದ ಕಡತ ಎರಡನ್ನೂ ತಪಾಸಕರು ಕೇಳುವುದಕ್ಕೆ ಇದೇ ಆಧಾರ.

ಚಾಲಕರ ಕಡತ

ಪ್ರತಿ ಚಾಲಕನ ಪರವಾನಗಿ, ವೈದ್ಯಕೀಯ ಪ್ರಮಾಣಪತ್ರ, ಮಾದಕವಸ್ತು ಪರೀಕ್ಷೆಯ ದಾಖಲೆಗಳು ಸಿದ್ಧವಿರಬೇಕು. ಇದಲ್ಲದೆ ಕೆಲಸದ ವೇಳೆಯ ದಾಖಲೆಯೂ ಬೇಕು. ಸರಕು ಲಾರಿಯ ಚಾಲಕ ಸತತ 10 ಗಂಟೆ ಬಿಡುವಿನ ನಂತರ, 14 ಗಂಟೆಗಳ ಅವಧಿಯೊಳಗೆ, ಗರಿಷ್ಠ 11 ಗಂಟೆ ಮಾತ್ರ ಲಾರಿ ಓಡಿಸಬಹುದು. ಎಂಜಿನ್‌ಗೆ ಜೋಡಿಸಿದ ಎಲೆಕ್ಟ್ರಾನಿಕ್ ಸಾಧನ ಇದನ್ನು ದಾಖಲಿಸುತ್ತದೆ. ಬಹುಪಾಲು ಲಾರಿಗಳಿಗೆ ಈ ನಿಯಮ 2017ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತು.

ತಪಾಸಕರು ಈ ದಾಖಲೆಯನ್ನು ಇಂಧನದ ಬಿಲ್ಲು, ಸುಂಕದ ರಸೀತಿಗಳೊಡನೆ ಹೋಲಿಸುತ್ತಾರೆ. ಎರಡು ರಸೀತಿಗಳ ಊರುಗಳ ನಡುವೆ 560 ಕಿ.ಮೀ. ಇದ್ದು, ದಾಖಲೆಯಲ್ಲಿ 4 ಗಂಟೆ ಚಾಲನೆ ಎಂದಿದ್ದರೆ ಸರಾಸರಿ ವೇಗ ಗಂಟೆಗೆ 140 ಕಿ.ಮೀ. ಆಗುತ್ತದೆ! ಸುಳ್ಳನ್ನು ಬಯಲಿಗೆಳೆಯಲು ಒಂದು ಭಾಗಾಕಾರವೇ ಸಾಕು. ಆದ್ದರಿಂದ ಸಂಸ್ಥೆ ಕಳೆದ 6 ತಿಂಗಳ ದಾಖಲೆಗಳಿಂದ ಕೆಲವನ್ನು ಆರಿಸಿ ತಾನೇ ಮೊದಲು ಹೀಗೆ ತಾಳೆ ನೋಡಬೇಕು.

ವಾಹನದ ಕಡತ

ಲಾರಿ ನಿಲ್ಲುವಾಗ ಅದರ ಚಲನಶಕ್ತಿ ಬಹುಮಟ್ಟಿಗೆ ಬ್ರೇಕ್‌ಗಳಲ್ಲಿ ಉಷ್ಣವಾಗುತ್ತದೆ. 36 ಟನ್ ತೂಕದ ಲಾರಿಯಲ್ಲಿ, ಮೇಲಿನ ವೇಗದಲ್ಲಿ, ಇದು 1 ಕೋಟಿ ಜೂಲ್‌ಗಿಂತ ಹೆಚ್ಚು. ಬಿಸಿಯಾದ ಬ್ರೇಕ್ ಡ್ರಮ್ ಹಿಗ್ಗುತ್ತದೆ. ಲೈನಿಂಗ್ ಅದನ್ನು ಮುಟ್ಟಲು ಏರ್ ಬ್ರೇಕ್‌ನ ಪುಶ್‌ರಾಡ್ ಇನ್ನಷ್ಟು ಮುಂದೆ ಸರಿಯಬೇಕಾಗುತ್ತದೆ. ಹೊಂದಾಣಿಕೆ ಸಡಿಲವಾಗಿದ್ದರೆ, ಷೆಡ್ಡಿನಲ್ಲಿ ಸರಿಯಾಗಿ ಕಂಡ ಬ್ರೇಕ್ ಇಳಿಜಾರಿನಲ್ಲಿ ಕೈಕೊಡಬಹುದು. ರಸ್ತೆಬದಿಯ ತಪಾಸಣೆಯಲ್ಲಿ ಶೇ. 20ರಷ್ಟು ಬ್ರೇಕ್‌ಗಳು ದೋಷಯುಕ್ತವೆಂದು ಕಂಡರೆ ಲಾರಿಯನ್ನು ಅಲ್ಲಿಯೇ ತಡೆಯಲಾಗುತ್ತದೆ. 10 ಬ್ರೇಕ್‌ಗಳ ಲಾರಿಗೆ ಎರಡು ದೋಷಗಳೇ ಸಾಕು. ಚಾಲಕ ಬರೆದುಕೊಟ್ಟ ಪ್ರತಿ ಬ್ರೇಕ್ ದೋಷವೂ ದುರಸ್ತಿಯಾಗಿದೆ ಎಂಬ ಸಹಿ ಕಡತದಲ್ಲಿರಬೇಕು.

ಅಪಘಾತದ ದರ

ಅಪಘಾತಗಳ ವಹಿಯನ್ನು 3 ವರ್ಷ ಕಾಪಾಡಬೇಕು. ಸಾಮಾನ್ಯವಾಗಿ 10 ಲಕ್ಷ ಮೈಲಿಗೆ 1.5ಕ್ಕಿಂತ ಹೆಚ್ಚು ಅಪಘಾತಗಳಾಗಿದ್ದರೆ ಆ ಅಂಶದಲ್ಲಿ ಸಂಸ್ಥೆ ಅನುತ್ತೀರ್ಣ. ಇಲ್ಲಿ ಛೇದವೂ ಮುಖ್ಯ. 20 ಲಕ್ಷ ಮೈಲಿ ಓಡಿ 2 ಅಪಘಾತ ಕಂಡ ಸಂಸ್ಥೆಯ ದರ 1. ಅರ್ಧದಷ್ಟು ಓಟವನ್ನು ದಾಖಲಿಸದೆ ಬಿಟ್ಟರೆ ಅದೇ ದರ 2 ಆಗುತ್ತದೆ.

ತಿದ್ದುವುದು ಹೇಗೆ?

ತಪಾಸಣೆಯ ಸೂಚನೆ ಬಂದ ಮೇಲೆ ಹಳೆಯ ಹಾಳೆಗಳನ್ನು ಹೊಸದಾಗಿ ಬರೆಯುವುದು ಸಿದ್ಧತೆಯಲ್ಲ, ಅದು ಅಪರಾಧ. ಕಂಡ ಕೊರತೆಯನ್ನು ಹಾಗೆಯೇ ಉಳಿಸಿ, ಅದನ್ನು ಯಾವಾಗ, ಹೇಗೆ ಸರಿಪಡಿಸಲಾಯಿತು ಎಂದು ಪ್ರತ್ಯೇಕವಾಗಿ ದಿನಾಂಕ ಸಹಿತ ಬರೆದಿಡುವುದೇ ಸರಿಯಾದ ಮಾರ್ಗ. ಪ್ರಯೋಗಾಲಯದ ದಾಖಲೆ ಪುಸ್ತಕದ ನಿಯಮವೂ ಇದೇ ಅಲ್ಲವೆ? ಉತ್ತರಕ್ಕೆ ಹೊಂದುವಂತೆ ತಿದ್ದಿದ ಅಳತೆ ಮುಂಬರುವ ಅಪಾಯದ ಸುಳಿವನ್ನೇ ಅಳಿಸಿಹಾಕುತ್ತದೆ. ಕಡತದಲ್ಲಿ ಬ್ರೇಕ್ ಸರಿಯಾಗಿದೆ ಎಂದು ಬರೆದ ಮಾತ್ರಕ್ಕೆ 129 ಮೀ. ದೂರ 103 ಮೀ. ಆಗುವುದಿಲ್ಲ.

ಮಳೆಯಲ್ಲಿ ಋಣ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 2 ಮೀ.ಗೆ ಇಳಿದರೆ ನಿಲುಗಡೆಯ ದೂರ ಎಷ್ಟಾಗುತ್ತದೆ? ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು.