ಬಿಸಿಲು, ಗಾಳಿ ಮತ್ತು ನಮ್ಮ ಮನೆಯ ಮೀಟರು

ಏಳನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಪ್ರಾಜೆಕ್ಟಿಗೆಂದು ದೊಡ್ಡ ಚಾರ್ಟು ಬರೆದು ತಂದಿದ್ದಳು. ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಗಾಳಿಯಂತ್ರ. ನಡುವೆ ಬಣ್ಣದ ಅಕ್ಷರಗಳಲ್ಲಿ, 'ಭಾರತದ ಅರ್ಧ ಕರೆಂಟು ಬಿಸಿಲು ಮತ್ತು ಗಾಳಿಯಿಂದ ಬರುತ್ತದೆ' ಎಂದು ಬರೆದಿದ್ದಳು. ನಾನು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ. ಮರುದಿನ ಅವಳ ತಾಯಿ ಪತ್ರಿಕೆಯ ತುಂಡೊಂದನ್ನು ಹಿಡಿದುಕೊಂಡು ಬಂದರು. "ಪೇಪರಿನಲ್ಲೇ ಹಾಕಿದ್ದಾರಲ್ಲ ಉಸ್ತಾದರೇ, ತಪ್ಪು ಹೇಗಾಗುತ್ತದೆ?" ಎಂದು ಕೇಳಿದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಪತ್ರಿಕೆ ಸುಳ್ಳು ಬರೆದಿರಲಿಲ್ಲ, ಮಗುವೂ ಸುಳ್ಳು ಹೇಳಿರಲಿಲ್ಲ. ಆದರೂ ಚಾರ್ಟಿನ ಮಾತು ಸರಿಯಿರಲಿಲ್ಲ. ಇದು ಹೇಗೆ ಎಂಬುದನ್ನು ತಿಳಿದುಕೊಂಡರೆ ದೇಶದ ಲೆಕ್ಕವೂ ಅರ್ಥವಾಗುತ್ತದೆ, ನಮ್ಮ ಮನೆಯ ಲೆಕ್ಕವೂ ಅರ್ಥವಾಗುತ್ತದೆ.

ಡೇಗು ದೊಡ್ಡದು, ಬೇಯುವ ಅನ್ನ ಎಷ್ಟು?

ಪ್ರಿಯ ಸಹೋದರಿಯರೇ, ನಿಮ್ಮ ಮನೆಯಲ್ಲಿ ಒಂದೇ ಅಳತೆಯ ಎರಡು ಡೇಗುಗಳಿವೆ ಎಂದುಕೊಳ್ಳಿ. ಒಂದನ್ನು ದಿನಕ್ಕೆ ಮೂರು ಸಲ ಒಲೆಗೇರಿಸುತ್ತೀರಿ, ಇನ್ನೊಂದನ್ನು ಒಂದೇ ಸಲ. 'ಡೇಗು ಎಷ್ಟು ದೊಡ್ಡದು?' ಎಂದು ಕೇಳಿದರೆ ಎರಡೂ ಸಮಾನ. 'ಎಷ್ಟು ಅನ್ನ ಬೆಂದಿತು?' ಎಂದು ಕೇಳಿದರೆ ಉತ್ತರ ಬೇರೆ.

ವಿದ್ಯುತ್ತಿನ ಅಂಕಿಅಂಶಗಳಲ್ಲೂ ಹೀಗೆಯೇ ಎರಡು ಲೆಕ್ಕಗಳಿವೆ. ಮೊದಲನೆಯದು ಸ್ಥಾಪಿತ ಸಾಮರ್ಥ್ಯ, ಅಂದರೆ ಡೇಗಿನ ಗಾತ್ರ. ಇದನ್ನು ಮೆಗಾವಾಟ್‌ನಲ್ಲಿ ಹೇಳುತ್ತಾರೆ. ಎರಡನೆಯದು ಉತ್ಪಾದನೆ, ಅಂದರೆ ಬೆಂದ ಅನ್ನ. ಇದನ್ನು ಯೂನಿಟ್‌ನಲ್ಲಿ ಹೇಳುತ್ತಾರೆ. ನಮ್ಮ ಮನೆಯ ಬಿಲ್ಲಿನಲ್ಲಿ ಬರುವುದೂ ಇದೇ ಯೂನಿಟ್.

2025ರ ಜೂನ್ ಕೊನೆಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯ ಸುಮಾರು 4.85 ಲಕ್ಷ ಮೆಗಾವಾಟ್ ಆಗಿತ್ತು. ಅದರಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ, ಡೀಸೆಲ್ ಇಲ್ಲದ ಮೂಲಗಳದ್ದು. 2030ಕ್ಕೆ ಮುಟ್ಟಬೇಕಾಗಿದ್ದ ಈ ಗುರಿಯನ್ನು ದೇಶ ಐದು ವರ್ಷ ಮೊದಲೇ ಮುಟ್ಟಿತು. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಈ ಅರ್ಧದಲ್ಲಿ ಬಿಸಿಲು, ಗಾಳಿಯ ಜೊತೆಗೆ ಹಳೆಯ ದೊಡ್ಡ ಅಣೆಕಟ್ಟುಗಳೂ ಇವೆ, ಅಣುವಿದ್ಯುತ್ತೂ ಇದೆ. ಮುಖ್ಯವಾಗಿ, ಇದು ಡೇಗಿನ ಲೆಕ್ಕವೇ ಹೊರತು ಅನ್ನದ ಲೆಕ್ಕವಲ್ಲ.

ಅನ್ನದ ಲೆಕ್ಕಕ್ಕೆ ಬಂದರೆ ಚಿತ್ರವೇ ಬದಲಾಗುತ್ತದೆ. 2023-24ರಲ್ಲಿ ದೇಶದಲ್ಲಿ ಉತ್ಪಾದನೆಯಾದ ಒಟ್ಟು ವಿದ್ಯುತ್ತು ಸುಮಾರು 1,74,000 ಕೋಟಿ ಯೂನಿಟ್. ಅದರಲ್ಲಿ ಬಿಸಿಲಿನಿಂದ ಬಂದದ್ದು ಸುಮಾರು 11,600 ಕೋಟಿ, ಗಾಳಿಯಿಂದ ಸುಮಾರು 8,300 ಕೋಟಿ, ದೊಡ್ಡ ಅಣೆಕಟ್ಟುಗಳಿಂದ ಸುಮಾರು 13,400 ಕೋಟಿ ಯೂನಿಟ್. ಜೀವರಾಶಿ ಮತ್ತು ಕಿರು ಜಲವಿದ್ಯುತ್ತನ್ನು ಸೇರಿಸಿದರೂ ಒಟ್ಟು ಐದನೇ ಒಂದು ಭಾಗದ ಆಸುಪಾಸು. ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದ್ದೇ. ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಕಡಿಮೆ ಇರುವ ಕಲ್ಲಿದ್ದಲು ಉತ್ಪಾದನೆಯಲ್ಲಿ ಮುಕ್ಕಾಲು ಪಾಲು ಹೊರುತ್ತಿದೆ.

ಕಾರಣ ಸರಳ. ಒಂದು ಕಿಲೋವಾಟ್‌ನ ಸೌರ ಫಲಕ ದಿನವಿಡೀ ಪೂರ್ತಿ ಶಕ್ತಿಯಿಂದ ಕೆಲಸ ಮಾಡಿದರೆ 24 ಯೂನಿಟ್ ಕೊಡಬೇಕು. ಆದರೆ ಸಿಗುವುದು ಸರಾಸರಿ ನಾಲ್ಕು ಯೂನಿಟ್. ಫಜ್ರ್‌ನ ಹೊತ್ತಿಗೆ ಅದು ನಿದ್ದೆಯಲ್ಲಿರುತ್ತದೆ, ಮಗ್ರಿಬ್‌ನ ಹೊತ್ತಿಗೆ ಮತ್ತೆ ಮಲಗುತ್ತದೆ. ನಾವು ದೀಪ, ಫ್ಯಾನು, ಟಿ.ವಿ., ಮಿಕ್ಸಿ ಎಲ್ಲವನ್ನೂ ಹಚ್ಚುವುದು ಆಮೇಲೆಯೇ. ಆಗ ಕಲ್ಲಿದ್ದಲು ಮತ್ತು ಅಣೆಕಟ್ಟಿನ ನೀರೇ ಗತಿ. ಅಣೆಕಟ್ಟು ತುಂಬಲು ಮಳೆ ಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ದೇಶದ ಜಲವಿದ್ಯುತ್ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಬಹಳ ಕುಸಿಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕರ್ನಾಟಕದ ಹಳ್ಳಿಗಳು ಅನುಭವಿಸಿದ ವಿದ್ಯುತ್ ಕಡಿತ ನಿಮಗೆ ನೆನಪಿರಬಹುದು.

ನಡೆದು ಬಂದ ದಾರಿ

ಹಾಗೆಂದು ನಿರಾಶರಾಗಬೇಕಿಲ್ಲ. ನಮ್ಮ ನಾಡಿಗೆ ಈ ದಾರಿ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಲಾಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದೂ ಅಲ್ಲಿಂದಲೇ. 1960ರ ದಶಕದಲ್ಲಿ ಶರಾವತಿ ನಾಡನ್ನು ಬೆಳಗಿಸಿತು.

ಬಿಸಿಲಿನ ಕಥೆ ತೀರಾ ಇತ್ತೀಚಿನದು. 2010ರಲ್ಲಿ ರಾಷ್ಟ್ರೀಯ ಸೌರ ಯೋಜನೆ ಆರಂಭವಾದಾಗ 2022ಕ್ಕೆ 20,000 ಮೆಗಾವಾಟ್ ಗುರಿ ಇಟ್ಟುಕೊಳ್ಳಲಾಗಿತ್ತು. 2014ರ ಮಾರ್ಚ್‌ನಲ್ಲಿ ದೇಶದ ಸೌರ ಸಾಮರ್ಥ್ಯ ಮೂರು ಸಾವಿರ ಮೆಗಾವಾಟ್‌ಗೂ ಕಡಿಮೆ. 2025ರ ಮಾರ್ಚ್‌ಗೆ ಅದು ಒಂದು ಲಕ್ಷದ ಐದು ಸಾವಿರ ಮೆಗಾವಾಟ್ ದಾಟಿತು. ಗಾಳಿಯದು ಸುಮಾರು 50,000 ಮೆಗಾವಾಟ್ ಆಯಿತು. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಬಿಳಿ ರೆಕ್ಕೆಗಳು ಈ ಲೆಕ್ಕದವೇ. ಮುಂಗಾರಿನಲ್ಲಿ ಮೋಡ ಕವಿದು ಬಿಸಿಲು ಕಡಿಮೆಯಾಗುವ ಹೊತ್ತಿಗೆ ಗಾಳಿ ಜೋರಾಗಿ ಬೀಸುತ್ತದೆ. ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ತೆರೆಯುವ ಈ ಏರ್ಪಾಟಿನಲ್ಲಿ ಯೋಚಿಸುವವರಿಗೆ ನಿದರ್ಶನವಿದೆ. ಸೂರ್ಯನನ್ನು ನಮ್ಮ ಸೇವೆಗೆ ನಿಯೋಜಿಸಿರುವುದನ್ನೂ, ಗಾಳಿಯನ್ನು ಶುಭವಾರ್ತೆಯಾಗಿ ಕಳುಹಿಸುವುದನ್ನೂ ಪವಿತ್ರ ಕುರ್‌ಆನ್ ಹಲವೆಡೆ ನೆನಪಿಸುತ್ತದೆ.

ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿ. ಮಳೆಯಿಲ್ಲದೆ ಬೆಳೆ ಒಣಗುತ್ತಿದ್ದ ಊರು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕು ಎದ್ದು ನಿಂತಿದೆ. ರೈತರ ಜಮೀನನ್ನು ಖರೀದಿಸದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ನಿಗದಿಯಾಯಿತು. ಜಮೀನಿದ್ದವರಿಗೆ ಬರಗಾಲದಲ್ಲೂ ಆದಾಯ ಸಿಕ್ಕಿತು. ಆದರೆ ಜಮೀನಿಲ್ಲದೆ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಹೊಲವೂ ಹೋಯಿತು, ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಒಳ್ಳೆಯ ಕೆಲಸದಲ್ಲೂ ಬಡವರ ಪಾಲನ್ನು ಮರೆಯಬಾರದು ಎಂಬ ಪಾಠ ಇಲ್ಲಿದೆ.

ಲೆಕ್ಕಕ್ಕೆ ಸಿಗದ ಹೊಗೆ

ಸರಾಸರಿ ಎಂಬುದು ಹಲವನ್ನು ಮುಚ್ಚಿಡುತ್ತದೆ. 2023-24ರಲ್ಲಿ ದೇಶದ ತಲಾ ವಿದ್ಯುತ್ ಬಳಕೆ 1,395 ಯೂನಿಟ್. ಅಂದರೆ ಐದು ಜನರ ಮನೆಗೆ ವರ್ಷಕ್ಕೆ ಏಳು ಸಾವಿರ ಯೂನಿಟ್ ಆಯಿತಲ್ಲ, ನಮ್ಮ ಮನೆಯಲ್ಲಿ ಅಷ್ಟು ಖರ್ಚಾಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಕಾರ್ಖಾನೆ, ಪಂಪ್‌ಸೆಟ್, ರೈಲು, ಅಂಗಡಿ ಎಲ್ಲವನ್ನೂ ಕೂಡಿಸಿ ತಲೆಗಿಷ್ಟು ಎಂದು ಹಂಚಿದ ಲೆಕ್ಕ ಅದು. ಬಳಕೆಯಲ್ಲಿ ಕೈಗಾರಿಕೆಯ ಪಾಲು ಸುಮಾರು 42 ಶೇಕಡಾ, ಕೃಷಿಯದು ಸುಮಾರು 17, ಮನೆಗಳದ್ದು ಸುಮಾರು 24. ಈ ಕಾಲು ಭಾಗದ ಸ್ವಿಚ್ಚು ಹೆಚ್ಚಾಗಿ ಹೆಂಗಸರ ಕೈಯಲ್ಲಿದೆ.

ಇನ್ನೊಂದು ಲೆಕ್ಕವನ್ನೂ ಗಮನಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 96.8 ಶೇಕಡಾ ಮನೆಗಳಲ್ಲಿ ವಿದ್ಯುತ್ತಿದೆ. ಆದರೆ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು 58.6 ಶೇಕಡಾ ಮಾತ್ರ. ಹತ್ತರಲ್ಲಿ ನಾಲ್ಕು ಮನೆಗಳಲ್ಲಿ ಸೌದೆ, ಬೆರಣಿಯ ಹೊಗೆಯನ್ನು ತಾಯಂದಿರೂ ಅವರ ಸೆರಗು ಹಿಡಿದ ಮಕ್ಕಳೂ ಕುಡಿಯುತ್ತಿದ್ದರು. ವಿದ್ಯುತ್ತಿನ ಯಾವ ಕೋಷ್ಟಕದಲ್ಲೂ ಅವರ ಕೆಮ್ಮು ದಾಖಲಾಗುವುದಿಲ್ಲ.

ಮಾಡು ನಮ್ಮದು, ಬಿಸಿಲು ಅಲ್ಲಾಹನದ್ದು

ಈಗ ನಮ್ಮ ಮನೆಯ ಮಾತಿಗೆ ಬರೋಣ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಒಂದು ಕೋಟಿ ಮನೆಗಳ ಮಾಡಿನ ಮೇಲೆ ಸೌರ ಫಲಕ ಹಾಕುವ 'ಪಿ.ಎಂ. ಸೂರ್ಯಘರ್' ಯೋಜನೆಯನ್ನು ಆರಂಭಿಸಿತು. ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಹಗಲು ಹೆಚ್ಚಾದ ವಿದ್ಯುತ್ತು ತಂತಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದನ್ನು ತಂತಿಯಿಂದ ಪಡೆಯುತ್ತೇವೆ. ಎರಡು ಕಡೆಯೂ ಓಡುವ ಮೀಟರು ಇದರ ಲೆಕ್ಕ ಇಡುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಮುಂಚೆಯೇ ತಿಳಿದಿರಬೇಕು. ಒಂದು, ಸಬ್ಸಿಡಿ ಖಾತೆಗೆ ಬರುವುದು ಕೆಲಸ ಮುಗಿದ ಮೇಲೆ. ಮೂರು ಕಿಲೋವಾಟ್‌ಗೆ ಒಂದೂವರೆ ಲಕ್ಷದ ಆಸುಪಾಸು ಅಥವಾ ಹೆಚ್ಚು ಖರ್ಚಿದೆ, ಅದನ್ನು ಮೊದಲು ಹೊಂದಿಸಿಕೊಳ್ಳಬೇಕು. ಬ್ಯಾಂಕುಗಳು ಸಾಲ ಕೊಡುತ್ತವೆ, ಆದರೆ ಬಡ್ಡಿಗೆ. ಬಡ್ಡಿಯಿಂದ ದೂರವಿರುವ ಮನೆಗಳು ಇಲ್ಲಿಯೇ ನಿಂತುಬಿಡುತ್ತವೆ. ಒಂದು ಕಿಲೋವಾಟ್‌ನಿಂದ ಚಿಕ್ಕದಾಗಿ ಆರಂಭಿಸಬಹುದು. ಅಣ್ಣತಮ್ಮಂದಿರು ಕೂಡಿ ಒಬ್ಬೊಬ್ಬರ ಮನೆಗೆ ಸರದಿಯಂತೆ ಹಾಕಿಸಬಹುದು. ಜಮಾಅತ್‌ಗಳು ಬಡ್ಡಿರಹಿತ ಸಾಲದ ಒಂದು ಸಣ್ಣ ನಿಧಿಯನ್ನು ಕಟ್ಟಿದರೆ, ಒಂದು ಮನೆಯ ಸಬ್ಸಿಡಿ ಮರಳಿ ಬಂದಾಗ ಅದು ಇನ್ನೊಂದು ಮನೆಗೆ ದಾರಿಯಾಗುತ್ತದೆ. ಮದುವೆಯ ಮಂಟಪಕ್ಕೆ ಲಕ್ಷಗಟ್ಟಲೆ ಹೊಂದಿಸುವ ನಮಗೆ ಇದು ಅಸಾಧ್ಯವೇ?

ಎರಡು, ಎಲ್ಲ ಮನೆಗೂ ಇದು ಲಾಭವಲ್ಲ. 2023ರಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆಯಡಿ ಮಿತಿಯೊಳಗೆ 200 ಯೂನಿಟ್‌ವರೆಗೆ ಬಿಲ್ಲು ಬರುವುದಿಲ್ಲ. ಅಂಥ ಮನೆಯವರು ಸಾಲ ಮಾಡಿ ಫಲಕ ಹಾಕಿಸಿದರೆ ಉಳಿತಾಯವೇನೂ ಆಗದು. ಆದರೆ ಮಸೀದಿ, ಮದ್ರಸಗಳಿಗೆ ಗೃಹಜ್ಯೋತಿಯಿಲ್ಲ, ಈ ಸಬ್ಸಿಡಿಯೂ ಇಲ್ಲ. ಅವು ತಿಂಗಳು ತಿಂಗಳೂ ಬಿಲ್ಲು ಕಟ್ಟುತ್ತವೆ, ವಿಶಾಲವಾದ ಮಾಡು ಮಾತ್ರ ಬಿಸಿಲಿಗೆ ಕಾದು ಕೂತಿರುತ್ತದೆ. ನಿರಂತರ ಪುಣ್ಯದ ದಾನ ಮಾಡಬೇಕೆನ್ನುವವರಿಗೆ ಇದೊಂದು ಒಳ್ಳೆಯ ಅವಕಾಶ.

ಉಳಿಸಿದ ಯೂನಿಟ್ಟೇ ಗಳಿಸಿದ ಯೂನಿಟ್ಟು

ಮಾಡಿಲ್ಲದ ಬಾಡಿಗೆ ಮನೆಯವರು ಏನು ಮಾಡಬೇಕು? 75 ವಾಟ್‌ನ ಮೂರು ಹಳೆಯ ಫ್ಯಾನುಗಳು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 67 ಯೂನಿಟ್. 30 ವಾಟ್‌ನ ಹೊಸ ಬಗೆಯ ಫ್ಯಾನುಗಳಾದರೆ 27 ಯೂನಿಟ್. ತಿಂಗಳಿಗೆ 40 ಯೂನಿಟ್ ಉಳಿಯಿತು. ಒಂದು ಯೂನಿಟ್‌ಗೆ ಅರ್ಧ ಕಿಲೋಗೂ ಹೆಚ್ಚು ಕಲ್ಲಿದ್ದಲು ಸುಡಬೇಕು. ಅಂದರೆ ನಿಮ್ಮೊಂದು ಮನೆಯಿಂದ ತಿಂಗಳಿಗೆ ಇಪ್ಪತ್ತು ಕಿಲೋಗೂ ಹೆಚ್ಚು ಕಲ್ಲಿದ್ದಲು ಉಳಿದಂತೆ. ಬಿಲ್ಲು ಸೊನ್ನೆಯಾದರೂ ಖರ್ಚು ಸೊನ್ನೆಯಲ್ಲ. ಆ ಹಣವನ್ನು ಯಾರೋ ತೆರಿಗೆಯಾಗಿ ಕಟ್ಟಿರುತ್ತಾರೆ. ತುಂಬಿ ಹರಿಯುವ ನದಿಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಕಲಿತ ಸಮುದಾಯ ನಮ್ಮದು.

ಇನ್ನೊಂದು ಕಹಿ ಮಾತು. 2023-24ರಲ್ಲಿ ದೇಶದಲ್ಲಿ ಕಳುಹಿಸಿದ ನೂರು ಯೂನಿಟ್‌ಗಳಲ್ಲಿ ಸುಮಾರು 17 ದಾರಿಯಲ್ಲೇ ನಷ್ಟವಾದವು. ಹತ್ತು ವರ್ಷದ ಹಿಂದೆ ಇದು 23ರ ಹತ್ತಿರವಿತ್ತು. ಈ ನಷ್ಟದಲ್ಲಿ ತಂತಿಯ ಸವಕಳಿಯೂ ಇದೆ, ಕಳ್ಳತನವೂ ಇದೆ. ಮದುವೆಗೋ ಧಾರ್ಮಿಕ ಸಭೆಗೋ ಕಂಬಕ್ಕೆ ಕೊಕ್ಕೆ ಹಾಕಿ ದೀಪ ಹಚ್ಚುವವರಲ್ಲಿ ನಮ್ಮವರೂ ಇದ್ದಾರೆ. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲೆಂದೇ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವಿದೆ. ಮೀಟರೂ ಒಂದು ತಕ್ಕಡಿಯೇ ಅಲ್ಲವೇ? ಕದ್ದ ಬೆಳಕಿನಲ್ಲಿ ನಡೆಸಿದ ಸಭೆಗೆ ಯಾವ ಬರಕತ್ ಇದ್ದೀತು?

ಆ ಹುಡುಗಿ ಚಾರ್ಟನ್ನು ತಿದ್ದಿ ತಂದಳು. 'ಸಾಮರ್ಥ್ಯದಲ್ಲಿ ಅರ್ಧ, ಉತ್ಪಾದನೆಯಲ್ಲಿ ಐದನೇ ಒಂದು ಭಾಗ' ಎಂದು ಬರೆದು, ಕೆಳಗೆ ತನ್ನ ಮನೆಯ ಬಿಲ್ಲನ್ನೇ ಅಂಟಿಸಿದ್ದಳು. ತಾಯಿಯ ಹತ್ತಿರ ಕೂತು ಪ್ರತಿ ಫ್ಯಾನು, ಪ್ರತಿ ಬಲ್ಬಿನ ಲೆಕ್ಕ ಹಾಕಿದ್ದಳಂತೆ.

ನೀವೂ ಈ ತಿಂಗಳ ಬಿಲ್ಲನ್ನು ಮಕ್ಕಳ ಜೊತೆ ಕೂತು ಓದಿ. ಎಷ್ಟು ರೂಪಾಯಿ ಎಂಬುದನ್ನು ಮಾತ್ರ ನೋಡಿ ಮಡಚಿಡಬೇಡಿ. ಎಷ್ಟು ಯೂನಿಟ್, ಕಳೆದ ತಿಂಗಳಿಗಿಂತ ಎಷ್ಟು ಹೆಚ್ಚು, ಏಕೆ ಹೆಚ್ಚು ಎಂದು ಕೇಳಿ. ಪ್ರತಿಯೊಂದು ಅನುಗ್ರಹದ ಬಗ್ಗೆಯೂ ನಾಳೆ ನಮ್ಮನ್ನು ಪ್ರಶ್ನಿಸಲಾಗುವುದು. ಆ ಲೆಕ್ಕಕ್ಕೆ ಮೊದಲು ಈ ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳಲು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ.