ನೂಲು ಬಿಚ್ಚಿದ ಮೇಲೆ ಉಳಿಯುವ ಹುಳ

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕವೊಂದರ ಹಿತ್ತಲಲ್ಲಿ ಕಂಡ ಪ್ಲಾಸ್ಟಿಕ್ ಬುಟ್ಟಿ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಮುಂದಿನ ಕೋಣೆಯಲ್ಲಿ ಬಿಸಿನೀರಿನ ಬೇಸಿನ್‌ಗಳ ಮುಂದೆ ಕೂತ ಹೆಂಗಸರು ಗೂಡಿನ ಎಳೆ ಹಿಡಿದು ಕೊಡುತ್ತಿದ್ದರು. ಹಳದಿ ನೂಲು ಮೇಲೇರುತ್ತಿತ್ತು. ಕ್ಯಾಮೆರಾ ಹಿಡಿದು ಬಂದವರೆಲ್ಲ ಅಲ್ಲೇ ನಿಲ್ಲುತ್ತಾರೆ. ನಾನು ವಾಸನೆಯ ಜಾಡು ಹಿಡಿದು ಹಿಂದಕ್ಕೆ ಹೋದೆ. ಬುಟ್ಟಿ ತುಂಬ ಬೆಂದ ಹುಳ. ಕಂದು ಬಣ್ಣ, ಕೆಲವಕ್ಕೆ ತೆಳ್ಳನೆಯ ಪೊರೆ ಇನ್ನೂ ಅಂಟಿಕೊಂಡಿತ್ತು. ಮಾಲೀಕರು ಅದನ್ನೂ ತೂಗಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ನೂಲಿನ ದುಡ್ಡು ಗೂಡಿನ ಖರೀದಿಗೇ ಸರಿಹೋಗುತ್ತದೆ, ಕೈಗೆ ಏನಾದರೂ ಉಳಿದರೆ ಈ ಹುಳದಿಂದ, ಝೂಟಿನಿಂದ (ಬಿಚ್ಚಲಾಗದೆ ಉಳಿದ ನೂಲಿನ ಚೂರು) ಎಂದರು. ವ್ಯಾಪಾರಿಯ ಬಾಯಲ್ಲಿ ಲಾಭ ಯಾವಾಗಲೂ ಕಡಿಮೆಯೇ ಅನ್ನಿ. ಆದರೆ ತಕ್ಕಡಿ ಅವರ ಪರವಾಗಿದೆ: 1 ಕೆ.ಜಿ. ನೂಲಿಗೆ ಸುಮಾರು 7 ಕೆ.ಜಿ. ಗೂಡು ಬೇಕು, ಹಸಿ ಗೂಡಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಹುಳದ್ದೇ.

ಟಿಪ್ಪು ಕಾಲದಲ್ಲಿ ರೇಷ್ಮೆ ಈ ನಾಡಿನಲ್ಲಿ ಬೇರೂರಿದ್ದು, ಆಮೇಲೆ ಟಾಟಾ ಸಿಲ್ಕ್ ಫಾರ್ಮ್ ಬಂದದ್ದು ಎಲ್ಲ ಓದುಗರಿಗೆ ಗೊತ್ತಿರುವ ಕಥೆ. ಅಂದಿನಿಂದಲೂ ಈ ಕಸುಬಿನಲ್ಲಿ ಬಿಸಾಡುವುದು ಕಡಿಮೆ. ಹಿಕ್ಕೆ, ತಿಂದುಳಿದ ಸೊಪ್ಪು ತಿಪ್ಪೆಗೆ ಬಿದ್ದು ಗೊಬ್ಬರವಾಗಿ ಮತ್ತೆ ಹಿಪ್ಪುನೇರಳೆ ಬುಡಕ್ಕೇ ಬರುತ್ತವೆ. ಕಡ್ಡಿ ಒಲೆಗೆ. ಝೂಟ್ ಸ್ಪನ್ ಸಿಲ್ಕ್ ಗಿರಣಿಗೆ ಹೋಗಿ ಮತ್ತೆ ನೂಲಾಗುತ್ತದೆ. ‘ವೃತ್ತಾಕಾರದ ಆರ್ಥಿಕತೆ’ ಎಂದು ಸಮಾವೇಶಗಳಲ್ಲಿ ಭಾಷಣ ಶುರುವಾಗುವ ಎಷ್ಟೋ ಮೊದಲೇ ಇದೆಲ್ಲ ನಡೆದಿತ್ತು.

ನನ್ನ ಪಕ್ಷಪಾತ ಮಾತ್ರ ಹುಳದ ಕಡೆಗೆ. ಒಣಗಿಸಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನು, ಕಾಲು ಭಾಗಕ್ಕೂ ಮೇಲೆ ಎಣ್ಣೆ. ಎಣ್ಣೆ ಸೋಪಿಗಾಗುತ್ತದೆ, ಹಿಂಡಿ ಕೋಳಿ-ಮೀನಿನ ಮೇವಿಗೆ. ಕೊರಿಯಾದಲ್ಲಿ ಬೇಯಿಸಿದ ಹುಳವನ್ನು ಬೀದಿಬದಿಯಲ್ಲಿ ಮಾರುತ್ತಾರೆ, ಡಬ್ಬಿಯಲ್ಲೂ ತುಂಬಿಡುತ್ತಾರೆ. ಅಸ್ಸಾಮಿನಲ್ಲಿ ಏರಿ ರೇಷ್ಮೆಯ ಹುಳಕ್ಕೆ ಊಟದ ತಟ್ಟೆಯಲ್ಲಿ ಎಂಥ ಮರ್ಯಾದೆಯೆಂದರೆ, ಎಷ್ಟೋ ಮನೆಗಳಲ್ಲಿ ಸಾಕುವುದು ನೂಲಿಗೋ ನಾಲಿಗೆಗೋ ಹೇಳುವುದು ಕಷ್ಟ. ನಮ್ಮಲ್ಲಿ ಯಾರೂ ತಿನ್ನಬೇಕಿಲ್ಲ. ಕೆಡುವ ಮೊದಲು ಒಣಗಿಸಿದರೂ ಸಾಕು. ಬೆಂದ ಹುಳ ಒಂದು ದಿನ ಹಾಗೇ ಬಿದ್ದರೆ ನಾರುತ್ತದೆ. ಅಂಗಳವೇ ಇಲ್ಲದ ಸಣ್ಣ ರೀಲರ್ ಮಳೆಗಾಲದಲ್ಲಿ ಸಿಕ್ಕ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳಬೇಕು.

ಸರ್ಕಾರದ ಕೆಲಸ ಶುರುವಾಗಬೇಕಾದದ್ದು ಇಲ್ಲಿ. 1959ರ ರಾಜ್ಯ ಕಾಯ್ದೆ ಬಿತ್ತನೆ, ಗೂಡು, ನೂಲು ಮೂರರ ವಹಿವಾಟನ್ನೂ ನಿಯಂತ್ರಣಕ್ಕೆ ತಂದಿತು. ಗೂಡಿಗೆ ಮಾರುಕಟ್ಟೆ ಬಂತು, ಇ-ಹರಾಜು ಬಂತು. ಹುಳದ ದರವಿನ್ನೂ ಹಿತ್ತಲ ಚೌಕಾಸಿ. 2021ರಲ್ಲಿ ವೃತ್ತಾಕಾರದ ಆರ್ಥಿಕತೆಗೆಂದು ಕೇಂದ್ರ ರಚಿಸಿದ 11 ಸಮಿತಿಗಳ ಪಟ್ಟಿಯಲ್ಲಿ ಟೈರು, ಬ್ಯಾಟರಿ, ಕೃಷಿ ತ್ಯಾಜ್ಯ ಎಲ್ಲ ಇವೆ. ಇರಲಿ. ಶಿಡ್ಲಘಟ್ಟಕ್ಕೆ ಬೇಕಿರುವುದು ಗೂಡಿನ ಮಾರುಕಟ್ಟೆಯ ಪಕ್ಕದಲ್ಲೊಂದು ಸಾಮೂಹಿಕ ಡ್ರೈಯರ್, ತೇವಾಂಶ ನೋಡಿ ದರ್ಜೆ ಹಾಕುವ ಏರ್ಪಾಡು. ಮೇವಿನ ಕಂಪನಿಗಳು ವರ್ಷಪೂರ್ತಿ ಖರೀದಿಯ ಕರಾರಿಗೆ ಬಂದರೆ ಡ್ರೈಯರಿನ ಸಾಲವೂ ತೀರೀತು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜೇ ಇರುವಾಗ ತಜ್ಞರನ್ನು ಹುಡುಕಿ ದೂರ ಹೋಗಬೇಕಿಲ್ಲ.

ಇಲ್ಲಿನ ಇನ್ನೊಂದು ಮರುಬಳಕೆ ನೀರಿನದು; ಅದರ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಎಚ್.ಎನ್. ವ್ಯಾಲಿ ಯೋಜನೆ ಬೆಂಗಳೂರಿನ ಬಳಸಿದ ನೀರನ್ನು ದಿನಕ್ಕೆ 21 ಕೋಟಿ ಲೀಟರ್ ಲೆಕ್ಕದಲ್ಲಿ 65 ಕೆರೆಗಳಿಗೆ ಹರಿಸಲು ಹೊರಟದ್ದು. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಅದರಲ್ಲೊಂದು. ಕೊಳವೆಬಾವಿ ನಂಬಿದ ಹಿಪ್ಪುನೇರಳೆಗೆ ಇದು ದೊಡ್ಡ ಆಸರೆ, ಒಪ್ಪಿದೆ. ಆದರೆ ಶುದ್ಧೀಕರಣ ಎರಡನೇ ಹಂತಕ್ಕೇ ನಿಂತಿದೆ. ಮೂರನೇ ಹಂತವೂ ಆಗಲಿ ಎಂಬ ಇಲ್ಲಿನ ಹೋರಾಟಗಾರರ ಪಟ್ಟು ನನಗೆ ನ್ಯಾಯವಾಗಿಯೇ ಕಾಣುತ್ತದೆ. ತಮಾಷೆಯೆಂದರೆ, ಬೆಂಗಳೂರಿನ ನೀರನ್ನು ಇಷ್ಟು ದೂರ ಪಂಪು ಮಾಡಿ ತರುವ ನಾಡಿನಲ್ಲೇ ಗೂಡು ಬೇಯಿಸಿದ ನೀರು ಸೀದಾ ಚರಂಡಿಗೆ ಹೋಗುತ್ತದೆ. ಅದರಲ್ಲಿ ಕರಗಿರುವ ಸೆರಿಸಿನ್ ಎಂಬ ಅಂಟನ್ನು ಸೌಂದರ್ಯವರ್ಧಕ ತಯಾರಕರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಬಾಡಿಗೆ ಶೆಡ್ಡಿನ ರೀಲರ್ ಒಬ್ಬನೇ ಅದನ್ನು ಬೇರ್ಪಡಿಸಲಾರ. ಹತ್ತಾರು ಘಟಕಗಳ ನೀರು ಒಂದೇ ಕೊಳವೆಗೆ ಸೇರಬೇಕು. ಆ ಕೊಳವೆಯ ಖರ್ಚು ನಗರಸಭೆಯದೋ ರೇಷ್ಮೆ ಇಲಾಖೆಯದೋ ಎಂಬುದನ್ನು ಮೊದಲು ತೀರ್ಮಾನಿಸಲಿ.