ಈ ಕಾರು ಯಾವುದು, ಹೇಳಿ ನೋಡೋಣ!

ಗ್ಯಾರೇಜಿನ ಹಿಂದಿನ ಖಾಲಿ ಜಾಗ. ಲಾಂಟಾನದ ಪೊದೆಯೊಳಗೆ ಅರ್ಧ ಹೂತುಹೋದ ಒಂದು ಕಾರು. ಗಾಜಿಲ್ಲ, ದೀಪವಿಲ್ಲ. ಹೆಸರಿನ ಅಕ್ಷರಗಳನ್ನು ಯಾರೋ ಎಂದೋ ಕಿತ್ತೊಯ್ದಿದ್ದಾರೆ. ಬಾನೆಟ್ಟಿನ ಮೇಲೊಂದು ಕೋಳಿ ಹಾಯಾಗಿ ಕೂತಿದೆ. ಅದರ ಫೋಟೊ ತೆಗೆದುಕೊಂಡು ಬಂದ ಮಗ ‘ಅಪ್ಪಾ, ಇದು ಯಾವ ಕಾರು?’ ಎಂದು ಕೇಳಿದರೆ ಏನು ಹೇಳುತ್ತೀರಿ?

‘ಯಾವುದೋ ಹಳೇ ಅಂಬಾಸಿಡರ್ ಇರಬೇಕು ಬಿಡು’ ಎಂದು ಮಾತು ಮುಗಿಸಬೇಡಿ. ಆ ಫೋಟೊದಲ್ಲೇ ಉತ್ತರವಿರುತ್ತದೆ. ಅದನ್ನು ಹುಡುಕುವುದು ಪತ್ತೇದಾರಿ ಕೆಲಸದಷ್ಟೇ ಸ್ವಾರಸ್ಯಕರ.

ಮೊದಲ ಪಾಠ ಇದು: ಸುಲಭವಾಗಿ ಬದಲಾಯಿಸಬಹುದಾದುದನ್ನು ನಂಬಬೇಡಿ. ಐವತ್ತು ವರ್ಷಗಳಲ್ಲಿ ಒಂದು ಗಾಡಿಯ ಬಣ್ಣ, ದೀಪ, ಬಂಪರ್, ಮುಂಭಾಗದ ಜಾಲರಿ ಎಷ್ಟು ಸಲ ಬದಲಾಗಿವೆಯೋ ಬಲ್ಲವರಾರು? ಆದರೆ ಗಾಲಿಗಳ ನಡುವಿನ ಅಂತರ, ಬಾಗಿಲಿನ ಕೀಲು ಇರುವ ಬದಿ, ಚಾವಣಿಯ ಬಾಗು ಇವುಗಳನ್ನು ಬದಲಾಯಿಸುವ ಗೋಜಿಗೆ ಯಾವ ಮೆಕ್ಯಾನಿಕ್ಕೂ ಹೋಗುವುದಿಲ್ಲ.

ಅಳತೆಗೋಲು ಫೋಟೊದಲ್ಲೇ ಇದೆ

ಗಾಡಿಯ ನೇರ ಪಕ್ಕದಿಂದ ತೆಗೆದ ಫೋಟೊ ಇದ್ದರೆ ಸ್ಕೇಲು ಹಿಡಿದು ಕೂರಿ. ಗಾಲಿಯ ರಿಮ್ಮಿನ ಅಗಲವನ್ನು ಅಳೆಯಿರಿ. ಮುಂದಿನ ಮತ್ತು ಹಿಂದಿನ ಗಾಲಿಗಳ ಮಧ್ಯಬಿಂದುಗಳ ನಡುವಿನ ದೂರವನ್ನೂ ಅಳೆದು, ರಿಮ್ಮಿನ ಅಳತೆಯಿಂದ ಭಾಗಿಸಿ. ಫೋಟೊ ಎಷ್ಟೇ ಚಿಕ್ಕದಿರಲಿ, ಈ ಅನುಪಾತ ಬದಲಾಗದು. ಎರಡನೇ ಮಹಾಯುದ್ಧದ ಜೀಪಿನ ರಿಮ್ 16 ಇಂಚು, ಗಾಲಿಗಳ ಅಂತರ 80 ಇಂಚು, ಭಾಗಿಸಿದರೆ 5. ಅಂಬಾಸಿಡರಿನದು 15 ಮತ್ತು 97. ಉತ್ತರ ಹೆಚ್ಚುಕಡಿಮೆ ಆರೂವರೆ. ಪ್ರೀಮಿಯರ್ ಪದ್ಮಿನಿಯದು 14 ಮತ್ತು 92, ಅದೂ ಆರೂವರೆಯೇ!

ಅಂದರೆ ಲೆಕ್ಕ ಜೀಪನ್ನು ಬೇರ್ಪಡಿಸಿತು. ಉಳಿದೆರಡನ್ನು ಬೇರ್ಪಡಿಸಲು ಕಣ್ಣೇ ಬೇಕು.

ಕಾರಿನ ಬೆನ್ನು ನೋಡಿ. ಹಿಂಬದಿಯ ಎರಡೂ ಅಂಚುಗಳಲ್ಲಿ ಮೀನಿನ ರೆಕ್ಕೆಯಂಥ ಸಣ್ಣ ಏಣು ಇದ್ದು, ಮೈ ದುಂಡಗಿದ್ದರೆ ಅಂಬಾಸಿಡರ್. ಮೈ ದುಂಡಗಿದ್ದೂ ಏಣು ಇಲ್ಲವಾದರೆ, ಅದಕ್ಕಿಂತ ಮೊದಲು 1954ರಲ್ಲಿ ಬಂದ ಲ್ಯಾಂಡ್‌ಮಾಸ್ಟರ್ ಇರಬಹುದು. ಮುಂದಿನ ಬಾಗಿಲಿನ ಕೀಲು ಹಿಂಬದಿಯಲ್ಲಿದ್ದರೆ ಅದು ಐವತ್ತರ ದಶಕದ ಫಿಯೆಟ್ 1100 ಆಗಿರುವ ಸಾಧ್ಯತೆ ಹೆಚ್ಚು. 1964ರಲ್ಲಿ ಬಂದ ‘ಡಿಲೈಟ್’ ಮಾದರಿ ಮತ್ತು ಅದರ ವಂಶದ ಪದ್ಮಿನಿಯಲ್ಲಿ ಕೀಲು ಮುಂಬದಿಯಲ್ಲಿದೆ. ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿ ತೆರೆದಿದ್ದರೆ? ಅದು ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್.

ಜೀಪಿನ ಜಾತಕ

ಜೀಪಿನ ಮುಖದ ಸೀಳುಗಳನ್ನು ಎಣಿಸಿ. ತಗಡಿನಲ್ಲಿ ಒಂಬತ್ತು ಸೀಳುಗಳಿದ್ದರೆ ಯುದ್ಧಕಾಲದ್ದು; ಏಳಿದ್ದರೆ 1945ರ ನಂತರ ನಾಗರಿಕರಿಗಾಗಿ ಬಂದ ಮಾದರಿಗಳ ಪೈಕಿ. ಯುದ್ಧದ ಜೀಪನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳೆರಡೂ ತಯಾರಿಸಿದವು. ರೇಡಿಯೇಟರಿನ ಕೆಳಗೆ ಚಾಸಿಯ ಅಡ್ಡಪಟ್ಟಿ ಕೊಳವೆಯಂತಿದ್ದರೆ ವಿಲ್ಲೀಸ್, ಬೋರಲು ತೊಟ್ಟಿಯಂತಿದ್ದರೆ ಫೋರ್ಡ್. ಆದರೆ ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿದ್ದುದರಿಂದ ಒಂದೇ ಜೀಪಿನಲ್ಲಿ ಇಬ್ಬರ ಗುರುತುಗಳೂ ಸಿಗುತ್ತವೆ. ಹಾಗಾಗಿ ಒಂದೇ ಸಾಕ್ಷಿ ನಂಬಿ ತೀರ್ಪು ಕೊಡಬಾರದು. ಕನಿಷ್ಠ ಮೂರು ಸಾಕ್ಷಿ ಒಂದೇ ಮಾತು ಹೇಳಬೇಕು.

ನಂಬರ್ ಪ್ಲೇಟ್ ಉಳಿದಿದ್ದರೆ ಅದೂ ಒಂದು ಸಾಕ್ಷಿ. ನಮ್ಮ ರಾಜ್ಯದ ಗಾಡಿಗಳಿಗೆ ‘ಕೆಎ’ ಬರುವ ಮೊದಲು ‘ಎಂವೈ’, ‘ಎಂಇ’, ‘ಸಿಎ’ ಎಂದು ಆರಂಭವಾಗುವ ಸಂಖ್ಯೆಗಳಿದ್ದವು. ಆದರೆ ಪ್ಲೇಟು ಹೇಳುವುದು ನೋಂದಣಿಯನ್ನು, ಮಾದರಿಯನ್ನಲ್ಲ.

ಗುರುತಿಸಿ ಆಗುವುದೇನು?

ಗುಜರಿಯವನಿಗೆ ಅದು ತೂಕದ ಕಬ್ಬಿಣ. ಹೆಸರಿಲ್ಲದ ಗಾಡಿಯನ್ನು ಉಳಿಸಲು ಯಾರೂ ಮುಂದೆ ಬರುವುದಿಲ್ಲ. ಹೆಸರು ಸಿಕ್ಕರೆ, ಅಂಥದೇ ಗಾಡಿಯನ್ನು ರಿಪೇರಿ ಮಾಡುತ್ತಿರುವವರಿಗೆ ಅದರ ಒಂದು ಬಾಗಿಲು, ಒಂದು ಗೇರ್‌ಬಾಕ್ಸ್ ಆದರೂ ಬೇಕಾದೀತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನೇ ತಂದಿದೆ.

ಮಕ್ಕಳೇ, ಮಾಲೀಕರನ್ನು ಕೇಳದೆ ಹತ್ತಿರ ಹೋಗಬೇಡಿ. ಪೊದೆಯಲ್ಲಿ ಹಾವಿರಬಹುದು, ತುಕ್ಕಿನ ತಗಡು ಕೈ ಕೊಯ್ಯುತ್ತದೆ. ದೂರದಿಂದಲೇ ಮುಂದೆ, ಹಿಂದೆ, ಪಕ್ಕ ಮೂರು ಫೋಟೊ ತೆಗೆಯಿರಿ. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಬೆರೆಸದಿರುವುದೇ ಈ ಆಟದ ದೊಡ್ಡ ಪಾಠ. ಅದು ವಿಜ್ಞಾನದ ಪಾಠವೂ ಹೌದು.

ಅಭ್ಯಾಸಕ್ಕೆ ಮನೆಯ ಹಳೇ ಆಲ್ಬಮ್ ಸಾಕು. ಯಾವುದೋ ಕಾರಿಗೆ ಒರಗಿ ನಿಂತ ತಾತನ ಫೋಟೊ ಅಲ್ಲಿರಬಹುದು. ಅಜ್ಜಿಯನ್ನು ಕೂರಿಸಿಕೊಂಡು ಕೇಳಿ, ಕಾರಿನ ಹೆಸರು ಕಂಡುಹಿಡಿದು, ಪೆನ್ಸಿಲಿನಲ್ಲಿ ಫೋಟೊದ ಹಿಂದೆ ಬರೆದಿಡಿ. ಗೊತ್ತಿದ್ದವರು ಇರುವಾಗಲೇ ಈ ಕೆಲಸ ಆಗಬೇಕು.